ಡೆಲ್ವಿನ್‌ನನ್ನು ಕೊಟ್ಟುಬಿಡಿ ಎಂದು ಹೇಳು

ಕೀಲ್ಸ್ ಲ್ಯಾಂಡಿಂಗ್, ಅಯೋವಾ
ಜುಲೈ 26, ಭಾನುವಾರ ಮಧ್ಯಾಹ್ನ

ನಲ್ಮೆಯ ಎಲ್ಡನ್ ಅಣ್ಣಾ,

ಹೇಗಿದ್ದೀಯ? ಸೊಂಟದ ನೋವು ಹೇಗಿದೆ? ಬಿಸಿಲಿನಲ್ಲಿ ತಂತಿಬಲೆಯ ಹಿಂದೆ ಕೂತು ತಂಡಕ್ಕೆ ಆರಿಸಲೆಂದು ಊರೂರಿನ ಹುಡುಗರ ಬೇಸ್‌ಬಾಲ್ ಆಟ ನೋಡುವಾಗ ಟೋಪಿಯನ್ನಾದರೂ ಹಾಕಿಕೊಳ್ಳುತ್ತೀಯೋ ಇಲ್ಲವೋ. ಇಲ್ಲಿ ಮೆಕ್ಕೆಜೋಳ ಈ ಸಲ ಬಹಳ ಸಿಹಿಯಾಗಿ ಬಂದಿದೆ. ಅಮ್ಮ ದಿನವೂ ಬೇಯಿಸುತ್ತಾಳೆ. ಒಲೆ ಆರಿಸುವುದನ್ನು ಮಾತ್ರ ನಾನು ನೋಡಿಕೊಳ್ಳಬೇಕು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾವು ಮಾತಾಡುವಾಗ ಅಮ್ಮ ಅಡುಗೆಮನೆಯ ಫೋನೆತ್ತಿ ಕೇಳಿಸಿಕೊಳ್ಳುತ್ತಾಳೆ. ನೀನೋ, ತಂಡದ ಮಾತು ಬಂದ ಕೂಡಲೇ ಯಾರೋ ಕರೆಯುತ್ತಿದ್ದಾರೆ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಡಲಾರೆ, ಅಲ್ಲವೇ?

ವಿಷಯ ನೀನು ಊಹಿಸಿದ್ದೇ. ತಂಡಗಳು ಆಟಗಾರರನ್ನು ಕೊಟ್ಟು ತೆಗೆದುಕೊಳ್ಳಲು ಬರುವ ಶುಕ್ರವಾರ ಕಡೆಯ ದಿನ. ನಮ್ಮ ದೊಡ್ಡ ತಂಡ ಎಷ್ಟೋ ವರ್ಷಗಳ ಮೇಲೆ ಪಟ್ಟಿಯ ತಲೆಯಲ್ಲಿ ಕೂತಿದೆ, ಚೆಂಡೆಸೆಯುವ ಒಬ್ಬ ಒಳ್ಳೆಯ ಪಿಚರ್ ಇಲ್ಲದೆ ಒದ್ದಾಡುತ್ತಿದೆ. ಪಶ್ಚಿಮದ ತಂಡದವರು ತಮ್ಮ ಹಳೆಯ ಪಿಚರ್‌ನನ್ನು, ಆ ಮುದಿ ಹುಲಿಯನ್ನು, ಕೊಡಲು ತಯಾರು. ಬದಲಿಗೆ ಅವರು ಕೇಳುತ್ತಿರುವುದು ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಮಲಗುವ ಡೆಲ್ವಿನ್‌ನನ್ನು. ಡೊಮಿನಿಕನ್ ನಾಡಿನ ಉಪ್ಪಿನ ಗದ್ದೆಗಳ ಬಳಿ ಅವನನ್ನು ಕಂಡುಹಿಡಿದವನೇ ಈಗ ಅಡ್ಡ ನಿಂತಿದ್ದಾನಂತೆ, ಪತ್ರಿಕೆಯಲ್ಲಿ ಹಾಗೆ ಬಂದಿದೆ. ನಿನ್ನ ಹೆಸರು ಹಾಕಿರಲಿಲ್ಲ. ಆದರೆ ಕ್ಷೌರದಂಗಡಿಯ ಹಾರ್ಲನ್ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, ನಿಮ್ಮಣ್ಣನಿಗೆ ಕಪ್ ಬೇಡವಂತಾ ಎಂದು ಕೇಳಿದ.

ಅಣ್ಣಾ, ನೀನು ಒಪ್ಪಬೇಕು. ಆ ಹುಲಿಗೆ ಮೂವತ್ತಾರು ವರ್ಷ, ಅಕ್ಟೋಬರಿನಲ್ಲಿ ಕರಾರು ಮುಗಿದ ಮೇಲೆ ಅವನು ನಮ್ಮವನಲ್ಲ, ಡೆಲ್ವಿನ್ ಹತ್ತು ವರ್ಷ ಆಡುವ ಹುಡುಗ ಎಂದು ನೀನು ಹೇಳುತ್ತೀಯ. ನಿನ್ನ ಲೆಕ್ಕ ಸರಿಯಿರಬಹುದು. ಆದರೆ ನನ್ನ ಕಾವ್ಯದ ತರಗತಿಯಲ್ಲಿ ಪ್ರತಿ ವರ್ಷವೂ ಒಂದಿಬ್ಬರು ಮಕ್ಕಳಿರುತ್ತಾರೆ. ಒಂದು ಒಳ್ಳೆಯ ಸಾಲು ಹೊಳೆದರೆ ಅದನ್ನು ಮುಂದಿನ ಪದ್ಯಕ್ಕೆಂದು ಎತ್ತಿಡುತ್ತಾರೆ. ಕೈಯಲ್ಲಿರುವ ಪದ್ಯ ಸೊರಗಿ ಸಾಯುತ್ತದೆ; ಮುಂದಿನದು ಬರುವ ಹೊತ್ತಿಗೆ ಆ ಸಾಲೂ ಹಳಸಿರುತ್ತದೆ. ಇರುವುದನ್ನೆಲ್ಲ ಇದರಲ್ಲೇ ಹಾಕು, ಇನ್ನೊಂದು ಬಂದೇ ಬರುತ್ತದೆಂದು ಯಾರು ಹೇಳಿದರು ಎಂದು ನಾನು ಅವರಿಗೆ ಹೇಳುತ್ತಿರುತ್ತೇನೆ. ನಮ್ಮ ತಂಡ ನನಗೆ ಬುದ್ಧಿ ಬಂದಾಗಿನಿಂದ ಮುಂದಿನ ಪದ್ಯವನ್ನೇ ಬರೆಯುತ್ತಿದೆ.

ನಾಳಿನ ತಾರೆಗಳ ವಿಷಯದಲ್ಲಿ ಅಮ್ಮನಿಗಿಂತ ತಿಳಿದವರು ಯಾರಿದ್ದಾರೆ? ಅಪ್ಪ ಹೋದಾಗಿನಿಂದ ಪ್ರತಿ ಬೇಸಿಗೆಯೂ, ದೊಡ್ಡ ತಂಡಕ್ಕೆ ಹುಡುಗರನ್ನು ಪಳಗಿಸುವ ನಮ್ಮ ಊರ ತಂಡದ ಒಬ್ಬ ಹುಡುಗ ನಮ್ಮ ಮನೆಯಲ್ಲಿ ಉಂಡು ಮಲಗಿದ್ದಾನೆ. ಎಲ್ಲರೂ ಬಂದ ದಿನ ಮುಂದಿನ ಮಹಾನ್ ಆಟಗಾರರೇ. ಒಬ್ಬ ಈಗ ಡವೆನ್‌ಪೋರ್ಟ್‌ನಲ್ಲಿ ಟೈರ್ ಮಾರುತ್ತಾನೆ, ಇನ್ನೊಬ್ಬ ಪಾದ್ರಿಯಾದ, ಟೆಕ್ಸಸ್‌ನವನ ಭುಜ ಒಂದು ಮಂಗಳವಾರ ಕಳಚಿತು, ಮುಗಿಯಿತು. ಕ್ರಿಸ್‌ಮಸ್‌ಗೆ ಅವರೆಲ್ಲರ ಕಾರ್ಡು ಬರುತ್ತದೆ. ದೊಡ್ಡ ಮೈದಾನ ತಲುಪಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಹೆಚ್ಚಿನವರು ಬೇರೆ ತಂಡಕ್ಕೆ ಹೋಗಿಯೇ ತಲುಪಿದರು. ನಮ್ಮ ದೊಡ್ಡ ತಂಡದಲ್ಲಿ ಅವರ ಜಾಗದಲ್ಲಿ ಆಗಲೇ ಯಾರೋ ಕೂತಿರುತ್ತಿದ್ದರು.

ಗುರುವಾರದ ಆಟದಲ್ಲಿ ಏನಾಯಿತು ಗೊತ್ತೇ? ಐದನೇ ಸುತ್ತಿನ ನಡುವೆ ಮ್ಯಾನೇಜರ್ ಡೆಲ್ವಿನ್‌ನನ್ನು ಹೊರಗೆ ಕರೆದ. ಈ ವಾರದಲ್ಲಿ ಹುಡುಗನನ್ನು ಆಟದ ನಡುವೆ ಕರೆದರೆ ಜನ ಏನೆಂದುಕೊಳ್ಳುತ್ತಾರೆ? ಬೇರೆ ತಂಡಕ್ಕೆ ಹೋದ ಎಂದೇ. ಜೊತೆಯ ಹುಡುಗರು ಸಾಲಾಗಿ ಬಂದು ತಬ್ಬಿಕೊಳ್ಳತೊಡಗಿದರು, ಯಾರು ತಬ್ಬಿದರೂ ತಬ್ಬುವುದು ಡೆಲ್ವಿನ್‌ನ ರೂಢಿ ಗೊತ್ತಲ್ಲ, ಅವನೂ ಒಬ್ಬೊಬ್ಬರನ್ನೂ ಬಿಗಿಯಾಗಿ ಅಪ್ಪಿ ಅತ್ತ. ನೋಡುವವರ ಬೆಂಚಿನ ಸಾಲಿನಲ್ಲಿ ಅಮ್ಮ ಮೊದಲು ಎದ್ದು ಚಪ್ಪಾಳೆ ತಟ್ಟಿದಳು. ಆಮೇಲೆ ಇಡೀ ಮೈದಾನ ಎದ್ದಿತು. ನಾನೂ ಕಣ್ಣೊರೆಸಿಕೊಂಡೆ. ಆಮೇಲೆ ತಿಳಿಯಿತು, ಕಣಜದ ಹುಳುವೊಂದು ಅವನ ಕಾಲ್ಚೀಲದೊಳಗೆ ಹೊಕ್ಕು ಕಚ್ಚಿತ್ತು. ಕಾಲು ಊದಿಕೊಂಡಿತ್ತೆಂದು ಕರೆದಿದ್ದರು, ಅವನು ಅತ್ತದ್ದು ನೋವಿಗೆ, ಅಷ್ಟೇ. ತಬ್ಬಿಕೊಂಡವರೆಲ್ಲ ಎಲ್ಲಿ ನೋಡಬೇಕೆಂದು ತಿಳಿಯದೆ ಬೂಟಿನ ದಾರ ಕಟ್ಟತೊಡಗಿದರು.

ಆಟ ಮುಗಿದ ಮೇಲೆ ಅವನು ಅಡುಗೆಮನೆಯಲ್ಲಿ ಐಸಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದ. "ಅಜ್ಜಿ, ನಾನು ಹೋದೆ ಅಂತ ನೀವೇ ಮೊದಲು ಚಪ್ಪಾಳೆ ಹೊಡೆದ್ರಂತೆ?" ಎಂದ.

"ಹೊಡೆದೆ ಕಣೋ. ನಿಜವಾಗ್ಲೂ ಹೋದ ದಿನ ಇನ್ನೂ ಜೋರಾಗಿ ಹೊಡೀತೀನಿ," ಎಂದಳು ಅಮ್ಮ. "ನಮ್ಮ ದೊಡ್ಡ ತಂಡದಲ್ಲಿ ನಿನ್ನ ಜಾಗದಲ್ಲಿರೋನು ಇನ್ನೂ ಆರು ವರ್ಷ ಅಲ್ಲಾಡಲ್ಲ. ಪಶ್ಚಿಮದೋರ ಹತ್ರ ನಿನ್ನ ಜಾಗ ಖಾಲಿ ಬಿದ್ದಿದೆ. ಆ ಆರು ವರ್ಷಾನೂ ನನ್ನ ಮನೇಲಿ ಜೋಳ ಕಡೀತಾ ಕೂತಿರ್ತೀಯಾ?"

"ನಂಗೆ ನಿಮ್ಮ ಜೋಳ ಇಷ್ಟ."

"ಸುಳ್ಳು ಬೊಗಳಬೇಡ. ಅರ್ಧ ನಾಯಿಗೆ ಹಾಕ್ತೀಯ, ನಾನು ನೋಡಿದೀನಿ."

ಅವನು ನಕ್ಕ. ಆಮೇಲೆ ಅಮ್ಮ ಅವನ ತಲೆಯ ಮೇಲೆ ಕೈಯಿಟ್ಟು, ಎಷ್ಟು ಮೆಲ್ಲಗೆ ಹೇಳಿದಳೆಂದರೆ ಪಾತ್ರೆ ತೊಳೆಯುತ್ತಿದ್ದ ನಾನು ನಲ್ಲಿ ನಿಲ್ಲಿಸಬೇಕಾಯಿತು. "ನೋಡು ಮಗ, ನೀನು ದೊಡ್ಡೋನಾಗೋದನ್ನ ನೋಡೋಕೆ ನಾನು ಇರ್ತೀನಿ. ಆದ್ರೆ ಅದು ನೀನೇ ಅಂತ ನಂಗೆ ಗೊತ್ತಾಗುತ್ತೋ ಇಲ್ವೋ. ಈ ವರ್ಷ ಎಲ್ಲಾರ ಹೆಸರೂ ಗೊತ್ತು ನಂಗೆ. ಈ ವರ್ಷ ಗೆಲ್ಲಲಿ."

ಇದೇ ಅಣ್ಣಾ ನನ್ನ ವಾದ, ಇದಕ್ಕಿಂತ ದೊಡ್ಡದು ನನ್ನ ಬಳಿ ಇಲ್ಲ. ಪಕ್ಕದ ಮನೆಯವರ ಹೆಸರು ಅವಳಿಗೆ ತಪ್ಪುತ್ತದೆ, ವಾರ ತಪ್ಪುತ್ತದೆ. ಆದರೆ ಸಂಜೆ ರೇಡಿಯೊ ಹಚ್ಚಿದರೆ ಯಾರು ಎಡಗೈ, ಯಾರು ನಿಧಾನದ ಎಸೆತಕ್ಕೆ ಮೋಸಹೋಗುತ್ತಾನೆ, ಎಲ್ಲ ಬಾಯಿಪಾಠ. ನಮ್ಮ ತಂಡ ಕೊನೆಯ ಸಲ ಕಪ್ ಗೆದ್ದಾಗ ಅವಳಿನ್ನೂ ಉದ್ದ ಜಡೆಯ ಹುಡುಗಿ. ಡೆಲ್ವಿನ್‌ನನ್ನು ನೀನು ಬಿಟ್ಟುಕೊಟ್ಟರೆ ಅವನು ಹಾಳಾಗುವುದಿಲ್ಲ, ಬೇರೆ ಬಣ್ಣದ ಅಂಗಿ ತೊಡುತ್ತಾನೆ, ಅಷ್ಟೇ. ಅವನನ್ನು ಕಂಡುಹಿಡಿದ ಕಣ್ಣು ನಿನ್ನದೇ ಆಗಿ ಉಳಿಯುತ್ತದೆ. ತಂಡದವರು ನಿನ್ನನ್ನು ಕೇಳಿದಾಗ, ಕೊಟ್ಟುಬಿಡಿ ಎಂದು ಹೇಳು.

ಇಲ್ಲಿಂದ ಅಮ್ಮನ ಹಾರೈಕೆ, ಹಾರ್ಲನ್‌ನ ಗೊಣಗಾಟ, ಕಾಲಿನ ಊತ ಇಳಿದು ಓಡಾಡುತ್ತಿರುವ ಡೆಲ್ವಿನ್‌ನ ನಮಸ್ಕಾರ. ಸೊಂಟಕ್ಕೆ ಬಿಸಿ ಶಾಖ ಕೊಡು.

ನಿನ್ನ ತಂಗಿ
ಮಾರ್ಗಿಟ್

ಮರೆತ ಮಾತು: ಸೋಮವಾರ ಬೆಳಿಗ್ಗೆ, ಅಂಚೆಗೆ ಹೊರಟವಳು ಬಾಗಿಲಲ್ಲೇ ನಿಂತು ಬರೆಯುತ್ತಿದ್ದೇನೆ. ಯಾರಿಗೆ ಕಾಗದ ಎಂದು ಅಮ್ಮ ಕೇಳಿದಳು. ಎಲ್ಡನ್‌ಗೆ ಎಂದೆ. ಸ್ವಲ್ಪ ಯೋಚಿಸಿ, "ಹುಡುಗರನ್ನ ಹುಡುಕಿ ತರ್ತಾನಲ್ಲ, ಅವನಾ? ಒಳ್ಳೆಯವನು. ಅವನ ತಾಯಿ ಚೆನ್ನಾಗಿ ಬೆಳೆಸಿದ್ದಾಳೆ," ಎಂದಳು. ಅಣ್ಣಾ, ಪಿಚರ್ ಬರಲಿ ಬಿಡಲಿ. ಆಟದ ಕಾಲ ಮುಗಿಯಲಿ, ಅಕ್ಟೋಬರಿನಲ್ಲಿ ಬರುತ್ತೇನೆ ಎಂದಿದ್ದೆಯಲ್ಲ, ಬೇಡ. ಈ ವಾರವೇ ಬಾ.