ಸುಕನ್ಯ ಮೇಡಂಗೆ ಮಡಿಲು ತುಂಬಿದ್ದು

ಬೂದಿಕೋಟೆ
16-9-2024

ಪ್ರೀತಿಯ ಅಮ್ಮಾಜಕ್ಕನಿಗೆ ನಿನ್ನ ತಂಗಿ ರತ್ನಳ ನಮಸ್ಕಾರ.

ಹತ್ತು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಕೋಪ ಮಾಡಿಕೊಳ್ಳಬೇಡ. ಬಾಯಲ್ಲಿ ಹೇಳಲಾಗದ್ದಕ್ಕೆ ಬರೆಯುತ್ತಿದ್ದೇನೆ. ಹಸು ಈದಿದೆ, ಹೆಣ್ಣುಗರು. ಇಲ್ಲಿ ಸಂತೋಷದ ಸುದ್ದಿ ಅದೊಂದೇ.

ನಮ್ಮ ಅರ್ಚನಳ ಟೀಚರ್ ಸುಕನ್ಯ ಮೇಡಂ ನಿನಗೆ ಗೊತ್ತಲ್ಲ, ನಿಮ್ಮ ಆಂಡರ್ಸನ್‌ಪೇಟೆಯವರೇ, ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಶಿಕ್ಷಕರ ದಿನಕ್ಕೆ ತಾಯಂದಿರೆಲ್ಲ ಸೇರಿ ಅವರಿಗೆ ಏನಾದರೂ ಕೊಡೋಣವೆಂದು ಮುಂದೆ ನಿಂತವಳು ನಾನೇ. ನನ್ನ ಯಜಮಾನಿಕೆ ನಿನಗೆ ಹೊಸದಲ್ಲ. ಪ್ರತಿವರ್ಷದ ಗೋಡೆ ಗಡಿಯಾರ ಬೇಡ ಎಂದೆ. ಮೇಡಂ ಐದು ತಿಂಗಳ ಬಸುರಿ, ತಾಯಿ ಇಲ್ಲದವರು. "ನಾವೇ ತವರುಮನೆಯೋರಾಗಿ ಬಳೆ ತೊಡ್ಸಿ ಮಡಿಲು ತುಂಬಾನ. ಅವ್ರಿಗೆ ಮೊದ್ಲೇ ಯೋಳ್ಬೇಡ್ರಿ" ಅಂದೆ. ಮೂವತ್ತು ಮನೆಯಿಂದ ಅಕ್ಕಿ, ಕೊಬ್ಬರಿ, ಬೆಲ್ಲ, ಹಸಿರು ಬಳೆ ಬಂದವು.

ಮೇಡಂ ಎಂಟು ದಿನದ ರಜೆ ಮುಗಿಸಿ ಅವತ್ತೇ ಬಂದಿದ್ದರು. ಕುರ್ಚಿಯಲ್ಲಿ ಕೂರಿಸಿ ಬಳೆ ಏರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮಡಿಲಿಗೆ ಅಕ್ಕಿ ಹಾಕುವಾಗ ಅವರು ಸೆರಗು ಒಡ್ಡಲೇ ಇಲ್ಲ, ಎಲ್ಲ ನೆಲಕ್ಕೆ ಸುರಿಯಿತು. ನನ್ನ ಕಿವಿಯ ಹತ್ತಿರ ಬಂದು, "ರತ್ನಮ್ಮ, ಮಗು ಹೋಗ್ಬಿಡ್ತು. ಮಕ್ಕಳ ಮುಂದೆ ಏನೂ ಹೇಳ್ಬೇಡಿ" ಅಂದರು. ನಿಲ್ಲಿಸಲು ನನಗೆ ಬಾಯಿ ಬರಲಿಲ್ಲ. ಅವರು ನಗುಮುಖ ಮಾಡಿಕೊಂಡು ಮೂವತ್ತು ಜನರಿಂದಲೂ ಕುಂಕುಮ ಇಡಿಸಿಕೊಂಡರು.

ಮರುದಿನದಿಂದ ಅವರು ಬಂದಿಲ್ಲ, ಬೇರೆ ಊರಿಗೆ ವರ್ಗ ಕೇಳಿದ್ದಾರಂತೆ. ಅವತ್ತು ಮೀಟಿಂಗಿಗೆಂದು ಬಂಗಾರಪೇಟೆಗೆ ಹೋಗಿದ್ದ ಹೆಡ್‌ಮಾಸ್ಟರ್ ಕೋದಂಡಪ್ಪನವರು, "ಅವ್ರು ರಜಾ ಯಾಕ್ ಆಕಿದ್ರು ಅಂತ ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತೇನಮ್ಮ?" ಅಂದರು. ಕೊಟ್ಟಿಗೆಯಲ್ಲಿ ಕೂತು ಅತ್ತೆ. ಅರ್ಚನ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬೆಳಿಗ್ಗೆ ಬಸ್ಸು ಬಂದಾಗ ಓಡಿಹೋಗಿ ನೋಡಿ ಸುಮ್ಮನೆ ವಾಪಸು ಬರುತ್ತಾಳೆ.

ಅಕ್ಕ, ನಿನ್ನ ಕಾಲಿಗೆ ಬೀಳುತ್ತೇನೆ, ಅವರ ಮನೆಗೆ ಒಂದು ಸಲ ಹೋಗು. ನನ್ನ ಮುಖ ನೋಡುವುದು ಬೇಡ, ಮಕ್ಕಳಿಗಾಗಿ ಬರಲಿ. ನಾನು ಇನ್ನು ಶಾಲೆಯ ಕಡೆ ತಲೆ ಹಾಕುವುದಿಲ್ಲ ಅಂತ ಮಾತು ಕೊಡು. ಬೇರೆ ಏನು ಮಾಡಬೇಕೋ ನನಗೆ ತೋಚುತ್ತಿಲ್ಲ.

ಭಾವನಿಗೆ ನಮಸ್ಕಾರ. ಮಗಳು ಮೀನಾಗೆ ನನ್ನ ಆಶೀರ್ವಾದ, ಅವಳು ಕೈಹಾಕಿದ್ದೆಲ್ಲ ಚೆನ್ನಾಗಿ ಆಗಲಿ.

ಇಂತಿ ನಿನ್ನ ತಂಗಿ,
ವೆಂಕಟರತ್ನಮ್ಮ

ಇನ್ನೊಂದು ಮಾತು. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ಮೇಡಂ ಬಸ್ಸಿಳಿದದ್ದನ್ನು ನೋಡಿ ಅರ್ಚನ ಓಡಿಬಂದು, "ಅಮ್ಮಾ, ಮಿಸ್ಸು ಅಳ್ತಾವ್ರೆ, ಒಟ್ಟೇನೂ ಇಳ್ದೋಗೈತೆ. ಇವತ್ತು ಬ್ಯಾಡಮ್ಮ" ಅಂದಿದ್ದಳು. ನಾನೂ ಶಾಲೆಯ ಕಿಟಕಿಯಿಂದ ನೋಡಿದೆ. ನನಗೂ ಒಂದು ಹೋಗಿತ್ತಲ್ಲ ಅಕ್ಕ, ಆ ನಡಿಗೆ ನನಗೆ ಗೊತ್ತಾಗದೆ ಇರುತ್ತದೆಯೇ? ಆದರೂ "ಸುಮ್ಕಿರೇ, ತಟ್ಟೆ ಎತ್ಕೊ" ಅಂದೆ. ಮೂವತ್ತು ಹೆಂಗಸರು ಬಂದು ಕಾಯುತ್ತಿದ್ದರು, ಬೇಡ ಅಂತ ಅವರಿಗೆ ಹೇಳಲು ನನಗೆ ನಾಚಿಕೆಯಾಯಿತು.