ಮೂವತ್ತಾರು ಇಂಚಿನ ಸೊಕ್ಕು

ದೋಸ್ತ ದ್ಯಾಮಣ್ಣ,

ಇವತ್ತು ಹುಲಿಹೈದರದಾಗ ನೀನಾ ಗೆದ್ದಿ ನೋಡಪಾ. ಬಿದ್ದ ಹುಣಸಿಮರದ ಬೊಡ್ಡಿ ಕೊಯ್ಯಾಕ ನನ್ನ ಮೂವತ್ತಾರು ಇಂಚಿನ ಬ್ಲೇಡಿನ ಗರಗಸದ ಮಷಿನ್ ಒಯ್ದಿದ್ದೆ. ಅರ್ಧಕ್ಕ ಬ್ಲೇಡ್ ಸಿಕ್ಕೊಂಡು ನಿಂತಬಿಡ್ತು. ನನ್ನ ಹೇಣ್ತಿ ಹುಲಗಮ್ಮ ನಕ್ಕೊಂತ, “ದ್ಯಾಮಣ್ಣ ಇದ್ದಿದ್ರ ಮೊದಲ ಬೆಣಿ ಬಡೀತಿದ್ದ” ಅಂದ್ಲು. ಕೊಯ್ದ ಸೀಳಿನ್ಯಾಗ ಕಟಗಿ ಬೆಣಿ ಬಡದು ಬ್ಲೇಡ್ ಬಿಡಿಸಿದೆ. ಆಮ್ಯಾಲ ಪಕ್ಕದ ಹೊಲದವರ ಹದಿನೆಂಟು ಇಂಚಿಂದು ತಂದು ಎರಡೂ ಕಡಿಂದ ಕೊಯ್ದೆ, ಬಾಳಿದಿಂಡು ಕೊಯ್ದಂಗ ಹೋತು!

ಮಷಿನ್ ತಗೊಳ್ಳುವಾಗ ನೀ “ಸಣ್ಣದು ಸಾಕು” ಅಂದಿದ್ದಿ. ನಾ ನಾಕು ಮಂದಿ ಮುಂದ “ಅಂಜುಬುರುಕ” ಅಂದಿದ್ದೆ. ಐದು ವರ್ಷ ಆತು ಮಾತು ಬಿಟ್ಟು.

ಇದನ್ನ ಕಳಸಂಗಿಲ್ಲ. ಓದಿದ್ರ ನಿನಗ ಸೊಕ್ಕು ಬರತೈತಿ.

ನಾವಿಬ್ರೂ ಎಳೀತಿದ್ದ ಜೋಡಿ ಗರಗಸಕ್ಕ ಎಣ್ಣಿ ಹಚ್ಚೀನಿ. ನಿನ್ನ ಕಡಿ ಹಿಡಿಕಿ ಸಡ್ಲ ಆಗಿತ್ತು, ಬಿಗಿ ಮಾಡೀನಿ.