ಎಲೆ ಮೇಲಿನ ಹೋಳಿಗೆ

ರೀ,

ಒಲೆ ಮೇಲೆ ಸಾರು ಐತೆ, ಬಿಸಿ ಮಾಡ್ಕೊಳ್ರಿ. ಹಾಲಿಡಾಕೆ ಜಾಗ ಇಲ್ಲ ಅಂತ ನನ್ನ ಇನ್ಸುಲಿನ್ನ ಮತ್ತೆ ಫ್ರೀಜರಿಗೆ ತಳ್ಳಬೇಡ್ರಿ, ಗಡ್ಡೆ ಕಟ್ಟಿದ್ರೆ ಕೆಟ್ಟೋಗುತ್ತೆ.

ಎರಡು ತಿಂಗಳಿಂದ ನಿದ್ದೆ ಇಲ್ಲ, ಸೂಜಿ ಕಂಡ್ರೆ ಅಳು ಬರುತ್ತೆ ಅಂದೆ. "ಶುಗರ್ ಇದ್ದೋರಿಗೆಲ್ಲಾ ಹಂಗೇ, ಬಾಯಿ ಕಟ್ಟು ಸಾಕು" ಅಂದ್ರಿ. ಮನಸ್ಸಿನ ಡಾಕ್ಟರಿಗೆ ತೋರಿಸ್ರಿ ಅಂತ ನರ್ಸಮ್ಮ ಬರೆದುಕೊಟ್ಟ ಚೀಟಿನ, ಜನ ಏನಂತಾರೋ ಅಂತ ದೇವರ ಫೋಟೋ ಹಿಂದೆ ಬಚ್ಚಿಟ್ರಿ. ಅದನ್ನ ತಗೊಂಡೇ ಚನ್ನಗಿರಿಗೆ ಹೊಂಟಿದೀನಿ.

ನಲ್ಲೂರಿನ ಗೃಹಪ್ರವೇಶದಲ್ಲಿ ನನ್ನೆಲೆ ಮೇಲಿನ ಹೋಳಿಗೆ ಎತ್ತಿ ನಿಮ್ಮೆಲೆಗೆ ಹಾಕ್ಕೊಂಡು, "ಇವಳಿಗೆ ಶುಗರ್ ಐತೆ" ಅಂತ ಇಡೀ ಪಂಕ್ತಿಗೆ ಕೇಳಂಗೆ ಕೂಗಿದ್ರಲ್ಲ?

ನಾನೆಲ್ಲಿ ಅಂತ ಯಾರಾದ್ರೂ ಕೇಳಿದ್ರೆ, ಮನಸ್ಸಿನ ಡಾಕ್ಟರ್ ಹತ್ರ ಹೋಗ್ಯಾಳೆ ಅಂತ ಅಷ್ಟೇ ಜೋರಾಗಿ ಹೇಳ್ರಿ.